ನಿಂಬೆಹಣ್ಣಿನಿಂದ ಹೊರಬಿದ್ದ ನಾಲ್ವರು

1997ರ ಆಗಸ್ಟ್ ತಿಂಗಳ ಒಂದು ರಾತ್ರಿ. ನಾರ್ವೆಯ ರಾಜಧಾನಿ ಓಸ್ಲೊ. ಸಾವಿರಾರು ಜನ ಮೈದಾನದಲ್ಲಿ ಕತ್ತೆತ್ತಿ ನಿಂತಿದ್ದಾರೆ. ವೇದಿಕೆಯ ಮೇಲೆ ನಲವತ್ತು ಅಡಿಯ ಒಂದು ನಿಂಬೆಹಣ್ಣು, ಮೈತುಂಬ ಕನ್ನಡಿ ಹೊದ್ದು ಥಳಥಳಿಸುತ್ತಿದೆ. ಅದು ಜನರತ್ತ ಸರಿದು ಬರಬೇಕು, ಬಾಯಿ ತೆರೆಯಬೇಕು, ಒಳಗಿನಿಂದ ನಾಲ್ವರು ಸಂಗೀತಗಾರರು ಇಳಿದು ಬಂದು ಹಾಡಬೇಕು. ಊರೂರಲ್ಲಿ ಹಾಗೆಯೇ ನಡೆದುಕೊಂಡು ಬಂದಿತ್ತು. ಓಸ್ಲೊದಲ್ಲಿ ಮಾತ್ರ ಯಂತ್ರ ಕೈಕೊಟ್ಟಿತು. ನಿಂಬೆಹಣ್ಣು ಬಾಯಿ ತೆರೆಯಲಿಲ್ಲ. ಜಗತ್ತಿನ ಅತಿ ದೊಡ್ಡ ರಾಕ್ ತಂಡಗಳಲ್ಲಿ ಒಂದಾದ ಐರ್ಲೆಂಡಿನ ‘ಯು2’ದ ನಾಲ್ವರೂ ಅದರೊಳಗೇ ಸಿಕ್ಕಿಬಿದ್ದರು. ಕೊನೆಗೆ ಹಿಂಬದಿಯಿಂದ ಅವರನ್ನು ಇಳಿಸಿಕೊಳ್ಳಬೇಕಾಯಿತು.

ಮದುವೆಗಿಂತ ಚಪ್ಪರವೇ ದೊಡ್ಡದಾದಾಗ ಆಗುವ ಫಜೀತಿ ಇದು. ಇದಾದ ಮೂರು ವರ್ಷಕ್ಕೆ, 2000ದ ಅಕ್ಟೋಬರ್ 30ರಂದು, ಅದೇ ತಂಡ ‘ಆಲ್ ದಟ್ ಯು ಕಾಂಟ್ ಲೀವ್ ಬಿಹೈಂಡ್’ ಎಂಬ ಆಲ್ಬಮ್ ಹೊರತಂದಿತು. ಬಿಟ್ಟು ಹೋಗಲಾಗದ್ದೆಲ್ಲ ಎಂಬುದು ಆ ಹೆಸರಿನ ಅರ್ಥ. ಅದರ ಮುಖಚಿತ್ರದಲ್ಲಿ ನಿಂಬೆಹಣ್ಣಿಲ್ಲ, ಬಣ್ಣದ ದೀಪಗಳೂ ಇಲ್ಲ. ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ನಿಂತಿರುವ, ನಲವತ್ತರ ಆಸುಪಾಸಿನ ನಾಲ್ವರು ಗಂಡಸರ ಕಪ್ಪುಬಿಳುಪು ಫೋಟೊ ಅಷ್ಟೆ. ಒಳಗಿನ ಹಾಡುಗಳೂ ಹಾಗೆಯೇ: ಒಂದು ಕಂಠ, ಒಂದು ಗಿಟಾರ್, ಒಂದು ಬೇಸ್ ಗಿಟಾರ್, ಡ್ರಮ್, ಮತ್ತು ಕೇಳಿದವರ ನಾಲಿಗೆಗೆ ಹತ್ತುವ ರಾಗ. ಯು2 ಮರಳಿ ಮನೆಗೆ ಬಂತು ಎಂದು ಪತ್ರಿಕೆಗಳು ಬರೆದವು. ರಾಕ್ ಸಂಗೀತದ ಚರಿತ್ರೆಯಲ್ಲಿ ‘ಪುನರಾಗಮನ’ ಎಂದಾಗಲೆಲ್ಲ ಇಂದಿಗೂ ಈ ಆಲ್ಬಮ್ಮಿನ ಹೆಸರು ಬರುತ್ತದೆ. ಆದರೆ ಮನೆಗೆ ಮರಳಿದವರು ಹೊರಟಾಗ ಇದ್ದ ಮನುಷ್ಯರೇ ಆಗಿದ್ದರೇ? ಹಳೆಯ ನಾದ ಹಳೆಯದನ್ನೇ ಹೇಳುತ್ತಿತ್ತೇ?

ಮನೆ ಯಾವುದು ಎಂಬುದನ್ನು ಮೊದಲು ನೋಡಬೇಕು. 1976ರಲ್ಲಿ ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯ ಸೂಚನಾ ಫಲಕದಲ್ಲಿ ಹದಿನಾಲ್ಕು ವರ್ಷದ ಲ್ಯಾರಿ ಮಲ್ಲೆನ್ ಎಂಬ ಹುಡುಗ ಒಂದು ಚೀಟಿ ಅಂಟಿಸಿದ. ತಾನು ಡ್ರಮ್ ಬಾರಿಸುತ್ತೇನೆ, ವಾದ್ಯತಂಡ ಕಟ್ಟಲು ಜೊತೆಗಾರರು ಬೇಕು ಎಂಬುದು ಅದರ ಸಾರಾಂಶ. ಬಂದವರಲ್ಲಿ ಕೊನೆಗೆ ಉಳಿದವರು ಮೂವರು. ಬೋನೊ ಎಂದು ಹೆಸರಾದ ಪಾಲ್ ಹ್ಯೂಸನ್, ‘ದಿ ಎಡ್ಜ್’ ಎಂದು ಹೆಸರಾದ ಡೇವಿಡ್ ಎವನ್ಸ್, ಆ್ಯಡಮ್ ಕ್ಲೇಟನ್. ಯಾರೂ ಪಳಗಿದ ವಾದ್ಯಗಾರರಲ್ಲ. ಬೇರೆಯವರ ಹಾಡುಗಳನ್ನು ಸರಿಯಾಗಿ ನುಡಿಸಲು ಬಾರದ್ದರಿಂದಲೇ ಸ್ವಂತ ಹಾಡು ಕಟ್ಟತೊಡಗಿದೆವು ಎಂದು ಅವರೇ ಮುಂದೆ ನಗೆಯಾಡಿದ್ದುಂಟು.

ಈ ತಂಡಕ್ಕೆ ಅದರದೇ ನಾದ ತಂದುಕೊಟ್ಟವನು ಎಡ್ಜ್. 1978ರಲ್ಲಿ ಮನೆಯವರೊಂದಿಗೆ ನ್ಯೂಯಾರ್ಕಿಗೆ ಹೋಗಿದ್ದಾಗ ಈ ಹದಿಹರೆಯದ ಹುಡುಗ ಗಿಬ್ಸನ್ ಕಂಪನಿಯ ‘ಎಕ್ಸ್‌ಪ್ಲೋರರ್’ ಎಂಬ ವಿಚಿತ್ರ ಆಕಾರದ ಗಿಟಾರ್ ಕೊಂಡುತಂದ. ಅದಕ್ಕೆ ಜೊತೆಯಾದದ್ದು ನಾದವನ್ನು ಹಿಡಿದಿಟ್ಟು ಕ್ಷಣಾರ್ಧದ ನಂತರ ಹಿಂತಿರುಗಿಸುವ ಒಂದು ಪ್ರತಿಧ್ವನಿ ಪೆಟ್ಟಿಗೆ. ಅಂಥ ಪೆಟ್ಟಿಗೆ ಬೇರೆಯವರ ಬಳಿಯೂ ಇತ್ತು, ಆದರೆ ಅವರಿಗೆ ಅದು ಒಗ್ಗರಣೆ. ಎಡ್ಜ್‌ಗೆ ಅದೇ ಅಡುಗೆ. ಒಂದು ಸ್ವರ ಮೀಟಿ, ಅದರ ಪ್ರತಿಧ್ವನಿ ಮರಳಿ ಬರುವಷ್ಟರಲ್ಲಿ ನಡುವಿನ ಸಂದಿಗೆ ಇನ್ನೊಂದು ಸ್ವರ ಸೇರಿಸುತ್ತಿದ್ದ. ಒಬ್ಬನೇ ನುಡಿಸಿದರೂ ಇಬ್ಬರು ಮೂವರು ನುಡಿಸಿದಂತೆ, ಬಾವಿಯೊಳಗೆ ಬಿದ್ದ ಗಂಟೆಯ ಸದ್ದಿನಂತೆ ಕೇಳುತ್ತಿತ್ತು. ಬೆರಳುಗಳ ವೇಗ ತೋರಿಸುವ ದೀರ್ಘ ಗಿಟಾರ್ ಆಲಾಪಗಳು ರಾಕ್ ಸಂಗೀತದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಈತ ಕಡಿಮೆ ಸ್ವರಗಳನ್ನು ನುಡಿಸಿ ಹೆಚ್ಚು ಜಾಗ ತುಂಬಿದ.

1980ರ ‘ಬಾಯ್’, 1983ರ ‘ವಾರ್’ ಈ ನಾದದ ಮೇಲೆಯೇ ನಿಂತ ಆಲ್ಬಮ್‌ಗಳು. 1984ರಲ್ಲಿ ಬ್ರಯನ್ ಈನೊ ಮತ್ತು ಡ್ಯಾನಿಯಲ್ ಲಾನ್ವಾ ಎಂಬ ಇಬ್ಬರು ನಿರ್ಮಾಪಕರು ಜೊತೆಗೂಡಿದರು. ಸಂಗೀತ ಪ್ರಪಂಚದಲ್ಲಿ ನಿರ್ಮಾಪಕ ಎಂದರೆ ನಮ್ಮ ಸಿನಿಮಾದವರಂತೆ ದುಡ್ಡು ಹಾಕುವವನಲ್ಲ, ಧ್ವನಿಮುದ್ರಣದ ಕೋಣೆಯಲ್ಲಿ ಹಾಡಿಗೆ ರೂಪ ಕೊಡುವವನು. 1985ರ ಜುಲೈನಲ್ಲಿ ಲಂಡನ್ನಿನ ‘ಲೈವ್ ಏಡ್’ ಕಾರ್ಯಕ್ರಮ ಈ ತಂಡವನ್ನು ಜಗತ್ತಿಗೆಲ್ಲ ತೋರಿಸಿತು. 1987ರ ‘ದಿ ಜೋಶುವಾ ಟ್ರೀ’ ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ಖ್ಯಾತಿಯ ಜೊತೆಗೆ ಕುಹಕವೂ ಬಂತು. ಬೋನೊ ಹಾಡುಗಾರನೋ ಉಪದೇಶಿಯೋ ಎಂದು ವಿಮರ್ಶಕರು ಚುಚ್ಚಿದರು. 1989ರ ಡಿಸೆಂಬರ್‌ನಲ್ಲಿ ಡಬ್ಲಿನ್ನಿನ ವೇದಿಕೆಯ ಮೇಲಿಂದಲೇ ಆತ, ದೂರ ಹೋಗಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಕನಸು ಕಾಣಬೇಕಾಗಿದೆ ಎಂಬರ್ಥದ ಮಾತಾಡಿದ.

ಮಾತಿಗೆ ತಕ್ಕಂತೆ ನಡೆದರು ಕೂಡ. 1990ರ ಅಕ್ಟೋಬರ್‌ನಲ್ಲಿ, ಎರಡೂ ಜರ್ಮನಿಗಳು ಒಂದಾಗುತ್ತಿದ್ದ ದಿನಗಳಲ್ಲೇ ಬರ್ಲಿನ್ ಸೇರಿ, ಗೋಡೆಯ ಪಕ್ಕದ ಹಾನ್ಸಾ ಸ್ಟುಡಿಯೋದಲ್ಲಿ ಕುಳಿತರು. ಬೋನೊ ಮತ್ತು ಎಡ್ಜ್‌ಗೆ ಯಂತ್ರದ ತಾಳ, ನೃತ್ಯ ಸಂಗೀತ ಬೇಕು. ಮಲ್ಲೆನ್ ಮತ್ತು ಕ್ಲೇಟನ್‌ಗೆ ಅದು ಬೇಡ. ತಂಡ ಒಡೆಯುವ ಹಂತಕ್ಕೆ ಹೋಗಿ, ಅಲ್ಲಿ ಹುಟ್ಟಿದ ‘ಒನ್’ ಎಂಬ ಹಾಡಿನಿಂದ ಉಳಿದುಕೊಂಡಿತು. 1991ರ ‘ಆಖ್ಟುಂಗ್ ಬೇಬಿ’ ದೊಡ್ಡ ಗೆಲುವಾಯಿತು. ರಾಕ್ ಇತಿಹಾಸದಲ್ಲಿ ಇಷ್ಟು ದೊಡ್ಡ ತಂಡವೊಂದು ತನ್ನ ಮುಖವನ್ನು ತಾನೇ ಒಡೆದುಕೊಂಡು ಗೆದ್ದ ಉದಾಹರಣೆಗಳು ಕಡಿಮೆ.

ತೊಂದರೆ ಶುರುವಾದದ್ದು ಆ ಗೆಲುವಿನಿಂದಲೇ. ಒಮ್ಮೆ ಫಲಿಸಿದ ಔಷಧಿಯನ್ನು ದಿನವೂ ಕುಡಿಯುವವರಂತೆ ಅವರು ಪ್ರತಿ ಸಲವೂ ಹೊಸದಾಗಲೇಬೇಕೆಂದು ಹಠ ಹಿಡಿದರು. 1993ರ ‘ಝೂರೋಪಾ’, 1995ರಲ್ಲಿ ‘ಪ್ಯಾಸೆಂಜರ್ಸ್’ ಎಂಬ ಬೇರೆ ಹೆಸರಿನಲ್ಲಿ ತಂದ ಒಂದು ಆಲ್ಬಮ್, ಹೀಗೆ ದಾರಿ ದೂರ ದೂರ ಸಾಗಿತು. ‘ಪ್ಯಾಸೆಂಜರ್ಸ್’ ಮಲ್ಲೆನ್‌ಗೆ ಹಿಡಿಸಲೇ ಇಲ್ಲ. ಮುಂದಿನ ಆಲ್ಬಮ್‌ಗೆ ‘ಪಾಪ್’ ಎಂದು ಹೆಸರಿಟ್ಟರು. ಅದರ ಕೆಲಸ ಆರಂಭವಾದಾಗ ಬೆನ್ನು ನೋವಿನ ಚಿಕಿತ್ಸೆಗಾಗಿ ಮಲ್ಲೆನ್ ದೂರವಿದ್ದ. ಡ್ರಮ್ ಬಾರಿಸುವವನಿಲ್ಲದ ಕೋಣೆಯಲ್ಲಿ ನೃತ್ಯ ಸಂಗೀತದ ಹೋವಿ ಬಿ ಮುಂತಾದವರು ತಾಳದ ತುಣುಕುಗಳನ್ನು ಯಂತ್ರದಿಂದ ಮರಳಿ ಮರಳಿ ಓಡಿಸಿದರು. ಮಲ್ಲೆನ್ ವಾಪಸು ಬಂದಾಗ ತನ್ನ ಕೆಲಸವನ್ನು ಯಂತ್ರದ ಜೊತೆ ಹಂಚಿಕೊಳ್ಳಬೇಕಾಗಿತ್ತು.

ಅಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಆಲ್ಬಮ್ ಮುಗಿಯುವ ಮೊದಲೇ ವ್ಯವಸ್ಥಾಪಕ ಪಾಲ್ ಮೆಗಿನ್ನೆಸ್ ವಿಶ್ವಪ್ರವಾಸದ ದಿನಾಂಕಗಳನ್ನು ಗೊತ್ತು ಮಾಡಿಬಿಟ್ಟಿದ್ದ, ತಂಡವೂ ಒಪ್ಪಿತ್ತು. 1996ರ ಕ್ರಿಸ್ಮಸ್‌ಗೆ ಬರಬೇಕಿದ್ದ ಆಲ್ಬಮ್ 1997ರ ಮಾರ್ಚ್‌ಗೆ ಹೋಯಿತು. ಪ್ರವಾಸ ಮಾತ್ರ ಮುಂದಕ್ಕೆ ಹೋಗುವಂತಿರಲಿಲ್ಲ. ಕೊನೆಯ ವಾರಗಳಲ್ಲಿ ಹಾಡುಗಳನ್ನು ಅವಸರದಲ್ಲಿ ಕಟ್ಟಿ ಮುಗಿಸಿದರು. ಇನ್ನೊಂದು ತಿಂಗಳು ಸಿಕ್ಕಿದ್ದರೆ ಎಂದು ಅವರು ಆಮೇಲೆ ಎಷ್ಟೋ ಸಲ ಹಲುಬಿದ್ದಾರೆ. ಮುಂದೆ 2002ರ ಸಂಗ್ರಹಕ್ಕೆ ಆ ಆಲ್ಬಮ್ಮಿನ ಹಾಡುಗಳನ್ನು ಸೇರಿಸುವಾಗ ತಿದ್ದಿ ಹೊಸ ರೂಪದಲ್ಲೇ ಕೊಟ್ಟರು.

1997ರ ಏಪ್ರಿಲ್ 25ರಂದು ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ‘ಪಾಪ್‌ಮಾರ್ಟ್’ ಪ್ರವಾಸ ಆರಂಭವಾಯಿತು. ನೂರು ಅಡಿ ಎತ್ತರದ ಹಳದಿ ಕಮಾನು, ಅದರ ಹಿಂದೆ ಭಾರಿ ವಿಡಿಯೋ ಪರದೆ, ಪಕ್ಕದಲ್ಲಿ ಆ ನಿಂಬೆಹಣ್ಣು. ಕೊಳ್ಳುಬಾಕತನವನ್ನು ಲೇವಡಿ ಮಾಡುವುದು ಉದ್ದೇಶ. ಆದರೆ ಇಷ್ಟು ದುಬಾರಿ ಲೇವಡಿಗೆ ಟಿಕೆಟ್ ಕೊಂಡವರಿಗೆ ಲೇವಡಿ ಯಾವುದು, ವ್ಯಾಪಾರ ಯಾವುದು ತಿಳಿಯಲಿಲ್ಲ. ತಾಲೀಮೂ ಸಾಲದೆ ಮೊದಲ ರಾತ್ರಿಯೇ ಒಂದು ಹಾಡನ್ನು ನಡುವೆ ನಿಲ್ಲಿಸಿ ಮತ್ತೆ ಎತ್ತಿಕೊಳ್ಳಬೇಕಾಯಿತು. ಪ್ರವಾಸ 93 ಪ್ರದರ್ಶನ ಕಂಡಿತು, ಲಕ್ಷಾಂತರ ಜನ ನೋಡಿದರು ಎನ್ನುವುದೂ ನಿಜ. ಆದರೂ ‘ಪಾಪ್’ ಹಿಂದಿನ ಆಲ್ಬಮ್‌ಗಳಷ್ಟು ಮಾರಾಟವಾಗಲಿಲ್ಲ. ಅಮೆರಿಕದ ಮೈದಾನಗಳಲ್ಲಿ ಖಾಲಿ ಆಸನಗಳು ಕಂಡವು.

ಅದೇ ಪ್ರವಾಸದಲ್ಲಿ ಒಂದು ರಾತ್ರಿ ಮಾತ್ರ ಬೇರೆಯಾಗಿತ್ತು. 1997ರ ಸೆಪ್ಟೆಂಬರ್ 23, ಬೋಸ್ನಿಯಾದ ಸರಯೇವೊ. ವರ್ಷಗಟ್ಟಲೆ ಮುತ್ತಿಗೆಯಲ್ಲಿ ನಲುಗಿದ್ದ ನಗರ. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಒಬ್ಬರ ಮೇಲೊಬ್ಬರು ಬಂದೂಕು ಹಿಡಿದಿದ್ದ ಸಮುದಾಯಗಳ ಜನ ಒಂದೇ ಕ್ರೀಡಾಂಗಣದಲ್ಲಿ, ಸುಮಾರು 45,000 ಮಂದಿ ಸೇರಿದರು. ಬೋನೊನ ಗಂಟಲು ಅಂದು ಕಟ್ಟಿಹೋಗಿತ್ತು. ಸ್ವರ ಏಳದಿದ್ದ ಕಡೆ ಜನರೇ ಹಾಡಿದರು. ನಡುವೆ ಎಡ್ಜ್ ಒಬ್ಬನೇ ಮುಂದೆ ಬಂದು, ಐರ್ಲೆಂಡಿನ ಹಿಂಸೆಯನ್ನು ಕುರಿತ 1983ರ ‘ಸಂಡೇ ಬ್ಲಡಿ ಸಂಡೇ’ ಹಾಡನ್ನು ಡ್ರಮ್ ಇಲ್ಲದೆ, ಅಬ್ಬರವಿಲ್ಲದೆ, ಬರಿಯ ಗಿಟಾರಿನೊಂದಿಗೆ ನಿಧಾನವಾಗಿ ಹಾಡಿದ. ನಿಂಬೆಹಣ್ಣು ಅಲ್ಲೇ ಇತ್ತು. ಅದು ಯಾರ ನೆನಪಿನಲ್ಲೂ ಉಳಿದಂತಿಲ್ಲ.

1998ರ ಮೇ 19ರಂದು ಇನ್ನೊಂದು ಚಿಕ್ಕ ಘಟನೆ. ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದದ ಬಗ್ಗೆ ಜನಮತಗಣನೆಗೆ ಮೂರೇ ದಿನ ಉಳಿದಿತ್ತು. ಬೆಲ್‌ಫಾಸ್ಟ್ ನಗರದ ಸಭಾಂಗಣವೊಂದರಲ್ಲಿ ಬೋನೊ, ಎದುರಾಳಿ ಬಣಗಳ ನಾಯಕರಾದ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರ ಕೈಗಳನ್ನು ಹಿಡಿದು ಮೇಲೆತ್ತಿದ. ಒಪ್ಪಂದಕ್ಕೆ ಜನ ಹೌದೆಂದರು. ಮೂರು ತಿಂಗಳೂ ಕಳೆಯಲಿಲ್ಲ, ಆಗಸ್ಟ್ 15ರಂದು ಒಮಾ ಪಟ್ಟಣದ ಪೇಟೆಬೀದಿಯಲ್ಲಿ ಕಾರ್ ಬಾಂಬ್ ಸಿಡಿದು 29 ಮಂದಿ ಸತ್ತರು. ಅದಕ್ಕೆ ಮೊದಲು, 1997ರ ನವೆಂಬರ್‌ನಲ್ಲಿ, ಆಸ್ಟ್ರೇಲಿಯಾದ ‘ಐಎನ್‌ಎಕ್ಸ್‌ಎಸ್’ ತಂಡದ ಗಾಯಕ, ಬೋನೊನ ಗೆಳೆಯ ಮೈಕೆಲ್ ಹಚನ್ಸ್ ಸಿಡ್ನಿಯ ಹೋಟೆಲ್ ಕೋಣೆಯಲ್ಲಿ ಶವವಾಗಿ ಸಿಕ್ಕಿದ್ದ. ಇಂಥ ವರ್ಷದ ಕೊನೆಯಲ್ಲಿ ತಂಡ ಮತ್ತೆ ಧ್ವನಿಮುದ್ರಣಕ್ಕೆ ಕುಳಿತದ್ದು. ಲೇವಡಿಯ ಭಾಷೆಯಲ್ಲಿ ಇದನ್ನೆಲ್ಲ ಹಾಡುವುದು ಸಾಧ್ಯವಿರಲಿಲ್ಲ. ವಿಮರ್ಶಕರು ಈ ಪುನರಾಗಮನಕ್ಕೆ ಮಾರುಕಟ್ಟೆಯ ಕಾರಣವನ್ನೇ ಮುಂದೆ ಮಾಡುತ್ತಾರೆ. ಅದು ಅರ್ಧ ಸತ್ಯ ಮಾತ್ರ.

ಮತ್ತೆ ಈನೊ, ಲಾನ್ವಾ ಬಂದರು. ಡಬ್ಲಿನ್ನಿನ ಹ್ಯಾನೊವರ್ ಕೀ ಸ್ಟುಡಿಯೋದಲ್ಲಿ ನಾಲ್ವರೂ ಒಂದೇ ಕೋಣೆಯಲ್ಲಿ ಕೂಡಿ ನುಡಿಸುತ್ತ ಹಾಡು ಹುಡುಕುವ ಹಳೆಯ ಪದ್ಧತಿ ಮರಳಿತು. ಕೆಲಸ ಹೆಚ್ಚುಕಡಿಮೆ ಎರಡು ವರ್ಷ ಎಳೆಯಿತು. ಅದಕ್ಕೊಂದು ಕಾರಣ ಬೋನೊನ ತಿರುಗಾಟ. ಬಡ ದೇಶಗಳ ಸಾಲ ಮನ್ನಾ ಮಾಡಿಸುವ ‘ಜುಬಿಲಿ 2000’ ಚಳವಳಿಗಾಗಿ ಆತ ರಾಜಕಾರಣಿಗಳ ಬಾಗಿಲು ತಟ್ಟುತ್ತಿದ್ದ. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನೂ ಕಂಡ. ಅವರು ಆತನ ತಂಪು ಕನ್ನಡಕವನ್ನು ಹಾಕಿಕೊಂಡು ನೋಡಿದ್ದು ಆಗ ದೊಡ್ಡ ಸುದ್ದಿ. ಉಳಿದ ಮೂವರು ಸ್ಟುಡಿಯೋದಲ್ಲಿ ಆತನಿಗಾಗಿ ಕಾಯುತ್ತಿದ್ದರು.

ಈ ಅವಧಿಯ ಅತಿ ಮುಖ್ಯ ಜಗಳ ನಡೆದದ್ದು ಒಂದು ಗಿಟಾರಿನ ಸದ್ದಿಗಾಗಿ. ‘ಬ್ಯೂಟಿಫುಲ್ ಡೇ’ ಎಂಬ ಹಾಡು ರೂಪುಗೊಳ್ಳುತ್ತಿತ್ತು. ಎಡ್ಜ್ ತನ್ನ ಹಳೆಯ ಎಕ್ಸ್‌ಪ್ಲೋರರ್ ಗಿಟಾರ್ ತೆಗೆದು, ಎಂಬತ್ತರ ದಶಕದ ಆರಂಭದ ಆ ಗಂಟೆಯ ನಾದವನ್ನೇ ನುಡಿಸಿದ. ಬೋನೊಗೆ ಇರಿಸುಮುರಿಸಾಯಿತು. ಇದು ತೀರ ಹಳೆಯ ಯು2ದಂತೆ ಕೇಳುತ್ತದಲ್ಲ, ನಾವು ಮುಂದೆ ಹೋಗಬೇಕಾದವರಲ್ಲವೇ ಎಂಬುದು ಆತನ ಆತಂಕ. ಹತ್ತು ವರ್ಷ ಶ್ರಮಪಟ್ಟು ಕಳಚಿದ ಅಂಗಿಯನ್ನು ಮತ್ತೆ ತೊಡುವುದೇ? ಎಡ್ಜ್ ಬಗ್ಗಲಿಲ್ಲ. ಆ ನಾದವನ್ನು ಹುಟ್ಟಿಸಿದವರೇ ನಾವು, ಬೇಕಾದಾಗ ಬಳಸುವ ಹಕ್ಕು ನಮಗಲ್ಲದೆ ಇನ್ಯಾರಿಗೆ ಎಂಬುದು ಆತನ ನಿಲುವು. ಗಿಟಾರ್ ಉಳಿಯಿತು. ಗಮನಿಸಬೇಕಾದ ಸಂಗತಿಯೆಂದರೆ ಆ ಹಾಡಿನ ಆರಂಭದಲ್ಲಿ ಬರುವುದು ಈನೊನ ಯಂತ್ರತಾಳ. ಬರ್ಲಿನ್ನಿನ ನಂತರ ಕಲಿತದ್ದನ್ನು ಅವರು ಮರೆತಿರಲಿಲ್ಲ. ಯಂತ್ರವನ್ನು ಯಜಮಾನನ ಜಾಗದಿಂದ ಎಬ್ಬಿಸಿ ಆಳಿನ ಜಾಗದಲ್ಲಿ ಕೂರಿಸಿದರು.

ಕಿವಿಗೆ ಹಗುರಾಗಿ ಕೇಳುವ ಈ ಆಲ್ಬಮ್ಮಿನ ತುಂಬ ಸಾವಿದೆ. ‘ಸ್ಟಕ್ ಇನ್ ಅ ಮೊಮೆಂಟ್’ ಹಚನ್ಸ್‌ಗಾಗಿ ಬರೆದದ್ದು. ಅದು ಶೋಕಗೀತೆಯಲ್ಲ, ಸತ್ತ ಗೆಳೆಯನೊಂದಿಗೆ ಆಡಬೇಕಿದ್ದ, ಆಡದೆ ಉಳಿದ ಒಂದು ಜಗಳ. ‘ಪೀಸ್ ಆನ್ ಅರ್ತ್’ ಒಮಾದ ಮೇಲಿನ ಹಾಡು. ಸತ್ತವರಲ್ಲಿ ಕೆಲವರ ಹೆಸರುಗಳು ಅದರಲ್ಲಿ ಬರುತ್ತವೆ. ಹದಿನೇಳು ವರ್ಷದ ಹಿಂದೆ ‘ಸಂಡೇ ಬ್ಲಡಿ ಸಂಡೇ’ಯಲ್ಲಿ ಇದ್ದದ್ದು ಇಪ್ಪತ್ತರ ಹರೆಯದವರ ಸಿಟ್ಟು. ಇಲ್ಲಿರುವುದು ಪ್ರಾರ್ಥನೆಯಲ್ಲೇ ನಂಬಿಕೆ ಅಲುಗಿದ ನಡುವಯಸ್ಸಿನ ದಣಿವು. ನಾದ ಹಳೆಯದಾದರೂ ಹೊತ್ತ ಭಾರ ಬೇರೆ.

‘ವಾಕ್ ಆನ್’ ಹಾಡನ್ನು ಆಗ ಗೃಹಬಂಧನದಲ್ಲಿದ್ದ ಬರ್ಮಾದ ಆಂಗ್ ಸಾನ್ ಸೂ ಕಿ ಅವರಿಗೆ ಅರ್ಪಿಸಲಾಗಿತ್ತು. 2000ದ ಮಾರ್ಚ್‌ನಲ್ಲಿ ಡಬ್ಲಿನ್ ನಗರ ತನ್ನ ಗೌರವ ಪೌರತ್ವವನ್ನು ಯು2ಗೆ ಕೊಟ್ಟಾಗ ಸೂ ಕಿ ಅವರಿಗೂ ಕೊಟ್ಟಿತ್ತು. ಹಾಡಿನ ಕಾರಣಕ್ಕೆ ಬರ್ಮಾದ ಸೇನಾ ಸರ್ಕಾರ ಆಲ್ಬಮ್ಮನ್ನೇ ನಿಷೇಧಿಸಿತು. ಕಾಲ ಹಾಡುಗಳನ್ನೂ ಬಿಡುವುದಿಲ್ಲ. 2017ರಲ್ಲಿ ರೊಹಿಂಗ್ಯಾಗಳ ಮೇಲೆ ಸೇನೆಯ ದೌರ್ಜನ್ಯ ನಡೆದಾಗ ಅಧಿಕಾರದಲ್ಲಿದ್ದ ಸೂ ಕಿ ಸುಮ್ಮನಿದ್ದರು. ಅವರು ರಾಜೀನಾಮೆ ಕೊಡಬೇಕೆಂದು ಬೋನೊನೇ ಹೇಳಿದ. ಡಬ್ಲಿನ್ ನಗರ ಅವರಿಗೆ ಕೊಟ್ಟ ಗೌರವವನ್ನು ಅದೇ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು.

ಈ ಆಲ್ಬಮ್‌ಗೆ ಭಾರತದ ಒಂದು ಎಳೆಯೂ ಇದೆ. ಬ್ರಿಟನ್ ಮುಂತಾದೆಡೆ ಮಾರಾಟವಾದ ಪ್ರತಿಗಳಲ್ಲಿ ಹೆಚ್ಚುವರಿಯಾಗಿ ಸೇರಿಸಿದ ‘ದಿ ಗ್ರೌಂಡ್ ಬಿನೀತ್ ಹರ್ ಫೀಟ್’ ಹಾಡಿನ ಸಾಹಿತ್ಯ ಸಲ್ಮಾನ್ ರಶ್ದಿ ಅವರದು. 1999ರಲ್ಲಿ ಬಂದ ಅದೇ ಹೆಸರಿನ ಅವರ ಕಾದಂಬರಿಯಲ್ಲಿ ಮುಂಬಯಿಯಲ್ಲಿ ಬೆಳೆದ ರಾಕ್ ಗಾಯಕನೊಬ್ಬ ಕಥಾನಾಯಕ.

ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ ಮೂರನೆಯದು. ಒಂದು ಕೋಟಿಗೂ ಹೆಚ್ಚು ಪ್ರತಿ ಖರ್ಚಾದವು. 2001ರ ಗ್ರ್ಯಾಮಿ ಸಮಾರಂಭದಲ್ಲಿ ‘ಬ್ಯೂಟಿಫುಲ್ ಡೇ’ ಮೂರು ಪ್ರಶಸ್ತಿ ಗೆದ್ದಿತು. ಜಗತ್ತಿನ ಅತ್ಯುತ್ತಮ ತಂಡ ಎಂಬ ನೌಕರಿಗೆ ಮತ್ತೆ ಅರ್ಜಿ ಹಾಕುತ್ತಿದ್ದೇವೆ ಎಂದು ಬೋನೊ ತಮಾಷೆ ಮಾಡಿದ. ಮರುವರ್ಷ ‘ವಾಕ್ ಆನ್’ ಗೆದ್ದಿತು. ಒಂದೇ ಆಲ್ಬಮ್ಮಿನ ಎರಡು ಹಾಡುಗಳು ಸತತ ಎರಡು ವರ್ಷ ‘ವರ್ಷದ ಧ್ವನಿಮುದ್ರಿಕೆ’ ಎನಿಸಿದ್ದು ಅದೇ ಮೊದಲು. ಅರ್ಜಿ ಎಂಬ ಆ ಮಾತೇ ಕೆಲವರಿಗೆ ಚುಚ್ಚಿತು. ಅರ್ಜಿ ಹಾಕುವವನು ಯಜಮಾನನಿಗೆ ಹಿಡಿಸುವಂತೆ ತಲೆ ಬಾಚಿಕೊಂಡು ಹೋಗುತ್ತಾನೆ. ‘ಆಖ್ಟುಂಗ್ ಬೇಬಿ’ ಮಾಡಿದವರು ಯಾರಿಗೂ ಅರ್ಜಿ ಹಾಕಿರಲಿಲ್ಲ ಎಂಬುದು ಅವರ ವಾದ. ಇದನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಆಲ್ಬಮ್ಮಿನ ಮೊದಲ ನಾಲ್ಕು ಹಾಡುಗಳ ಕಸುವು ಉತ್ತರಾರ್ಧದಲ್ಲಿ ಇಲ್ಲ ಎಂಬುದನ್ನೂ ಒಪ್ಪಬೇಕು.

2001ರ ಮಾರ್ಚ್‌ನಲ್ಲಿ ಆರಂಭವಾದ ‘ಎಲಿವೇಶನ್’ ಪ್ರವಾಸ ಅಮೆರಿಕದಲ್ಲಿ ದೊಡ್ಡ ಮೈದಾನಗಳನ್ನು ಬಿಟ್ಟು ಒಳಾಂಗಣಗಳಲ್ಲಿ ನಡೆಯಿತು. ವೇದಿಕೆಯಿಂದ ಹೃದಯದಾಕಾರದ ಒಂದು ದಾರಿ ಜನರ ನಡುವೆ ಚಾಚಿತ್ತು, ಅಷ್ಟೆ. ಆಗಸ್ಟ್ 21ರಂದು ಬೋನೊನ ತಂದೆ ಬಾಬ್ ಹ್ಯೂಸನ್ ಕ್ಯಾನ್ಸರಿನಿಂದ ತೀರಿಕೊಂಡರು. ಅಂಚೆ ಇಲಾಖೆಯ ನೌಕರ, ಆಪೆರಾ ಸಂಗೀತದ ಹುಚ್ಚಿನವರು. ಅಂದು ರಾತ್ರಿಯೇ ಬೋನೊ ಲಂಡನ್ನಿನಲ್ಲಿ ಹಾಡಿದ. ಅದೇ ವಾರ ಐರ್ಲೆಂಡಿನ ಸ್ಲೇನ್ ಕೋಟೆಯ ಬಯಲಿನಲ್ಲಿ ತಮ್ಮ ನಾಡಿನ ಜನರ ಮುಂದೆ ತಂಡ ನಿಂತಿತು.

ಮತ್ತೆರಡು ವಾರಕ್ಕೆ ಸೆಪ್ಟೆಂಬರ್ 11. ನ್ಯೂಯಾರ್ಕಿನ ಗೋಪುರಗಳು ಕುಸಿದವು. ಅಕ್ಟೋಬರ್‌ನಲ್ಲಿ ತಂಡ ಅಮೆರಿಕಕ್ಕೆ ಮರಳಿದಾಗ ಹಾಡುಗಳ ಅರ್ಥವೇ ಬದಲಾಗಿತ್ತು. ಹಚನ್ಸ್‌ಗೆ, ಒಮಾಗೆ, ಬರ್ಮಾಗೆ ಬರೆದದ್ದನ್ನು ಕೇಳುಗರು ತಮ್ಮ ಸತ್ತವರಿಗೆಂದು ಕೇಳಿಸಿಕೊಂಡರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಗ್ನಿಶಾಮಕ ದಳದವರು ವೇದಿಕೆ ಏರಿದರು. 2002ರ ಫೆಬ್ರುವರಿ 3ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಅಂತಿಮ ಪಂದ್ಯದ ವಿರಾಮದಲ್ಲಿ ಅವರು ಹಾಡುತ್ತಿದ್ದಂತೆ, ಸತ್ತವರ ಹೆಸರುಗಳು ಹಿಂದಿನ ಪರದೆಯ ಮೇಲೆ ಸಾಲುಸಾಲಾಗಿ ಮೇಲೇರಿ ಹೋದವು. ಐದು ವರ್ಷದ ಹಿಂದೆ ಅವರ ಪರದೆಯ ಮೇಲೆ ಓಡುತ್ತಿದ್ದದ್ದು ಜಾಹೀರಾತಿನ ಅಣಕ.

ಆನಂತರದ ವರ್ಷಗಳಲ್ಲಿ ತಂಡ ಆಲ್ಬಮ್‌ಗಳನ್ನು ಮಾಡಿತು, ಪ್ರವಾಸಗಳನ್ನೂ ಮಾಡಿತು. ಭಾರತದಲ್ಲಿ ಮೊದಲ ಬಾರಿಗೆ ಹಾಡಿದ್ದು 2019ರ ಡಿಸೆಂಬರ್ 15ರಂದು, ನವಿ ಮುಂಬಯಿಯ ಕ್ರೀಡಾಂಗಣದಲ್ಲಿ. ಅದು ‘ದಿ ಜೋಶುವಾ ಟ್ರೀ’ ಆಲ್ಬಮ್ಮನ್ನೇ ಪೂರ್ತಿಯಾಗಿ ನುಡಿಸುವ ಪ್ರವಾಸದ ಕೊನೆಯ ಪ್ರದರ್ಶನವಾಗಿತ್ತು. ಅದಕ್ಕೆ ಮುನ್ನ ಎ.ಆರ್. ರೆಹಮಾನ್ ಜೊತೆ ಸೇರಿ ‘ಅಹಿಂಸಾ’ ಎಂಬ ಹಾಡನ್ನೂ ತಂದಿದ್ದರು.

2023ರ ಸೆಪ್ಟೆಂಬರ್ 29ರಂದು ಲಾಸ್ ವೇಗಸ್‌ನಲ್ಲಿ ‘ಸ್ಫಿಯರ್’ ಎಂಬ ಗೋಳಾಕಾರದ ಹೊಸ ರಂಗಮಂದಿರ ಬಾಗಿಲು ತೆರೆಯಿತು. ಒಳಗಿನ ಗೋಡೆ, ಚಾವಣಿಯೆಲ್ಲ ಒಂದೇ ವಿಡಿಯೋ ಪರದೆ. ಅದರಲ್ಲಿ ಮೊದಲು ಹಾಡಿದ ತಂಡ ಯು2. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಮಲ್ಲೆನ್ ಅಲ್ಲಿರಲಿಲ್ಲ. ಡ್ರಮ್ ಹಿಂದೆ ಬ್ರಾಮ್ ವಾನ್ ಡೆನ್ ಬರ್ಗ್ ಕುಳಿತಿದ್ದ. ಆ ಬೃಹತ್ ಪರದೆಯ ಕೆಳಗೆ, ಮುಂದಿನ ಮಾರ್ಚ್‌ವರೆಗೂ ನಡೆದ ಪ್ರದರ್ಶನಗಳಿಗೆ ಅವರು ಆರಿಸಿಕೊಂಡದ್ದು ಮನೆಗೆ ಮರಳಿದ ಆಲ್ಬಮ್ಮನ್ನಲ್ಲ, ಮನೆ ಬಿಟ್ಟು ಹೊರಟ ‘ಆಖ್ಟುಂಗ್ ಬೇಬಿ’ಯನ್ನು.